ಮನೆಯ ಮುಂದಿನ ಮರ

ಕರಾವಳಿಯ ಓದುಗರೊಬ್ಬರು ಬರೆದಿದ್ದಾರೆ: “ಮನೆಗೆಲಸ ಕೊಡಿಸುತ್ತೇವೆಂದು ದೂರದ ನಗರಕ್ಕೆ ಕರೆದೊಯ್ದು ಕೂಡಿಹಾಕಿದ್ದವರ ಕೈಯಿಂದ ಪಾರಾದ ಯುವತಿಯೊಬ್ಬಳು ನಮ್ಮ ಕೇರಿಗೆ ಮರಳಿದ್ದಾಳೆ. ನಮ್ಮ ಮಹಿಳಾ ಮಂಡಳ ಅವಳಿಗೆ ವೇದಿಕೆಯಲ್ಲಿ ಹೊಲಿಗೆ ಯಂತ್ರ ಕೊಡಲಿದೆ. ಫೋಟೊ ಸಹಿತ ಅವಳ ಕಥೆ ಪ್ರಕಟಿಸಿ, ಉಳಿದವರಿಗೆ ಎಚ್ಚರವಾದೀತು.”

ನಿಮ್ಮ ಕಳಕಳಿ ದೊಡ್ಡದು. ಆದರೆ ಕಥೆಯನ್ನೂ ಪ್ರಕಟಿಸುವುದಿಲ್ಲ, ಫೋಟೊವನ್ನೂ ಪ್ರಕಟಿಸುವುದಿಲ್ಲ. ಅತ್ಯಾಚಾರದ ಪ್ರಕರಣವಾದರೆ ಸಂತ್ರಸ್ತೆಯ ಗುರುತು ಬಯಲು ಮಾಡಿದವರಿಗೆ ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಮಿನಲ್ಲಿ 2 ವರ್ಷದವರೆಗೆ ಸಜೆಯಿದೆ. ನಮ್ಮನ್ನು ತಡೆಯುವುದು ಅದೊಂದೇ ಅಲ್ಲ. ವರ್ಷಗಳ ಹಿಂದೆ ಇಂಥದೇ ಬರಹವೊಂದರಲ್ಲಿ ಹೆಸರು ಬದಲಿಸಿ, ಊರು ಬಿಟ್ಟು, ಬರಹಕ್ಕೆ ಕಳೆ ಬರಲೆಂದು ಮನೆಯ ಮುಂದಿನ ಮರವೊಂದನ್ನು ವರ್ಣಿಸಿದೆವು. ಯಾವ ಮರವೆಂದು ಈಗಲೂ ಹೇಳಲಾರೆ. ಸಂಚಿಕೆ ಬಂದ ವಾರದಲ್ಲೇ ಆ ಬರಹದ ಯುವತಿಯ ತಾಯಿ ಕಚೇರಿಗೆ ಬಂದರು. ಮೀನಿನ ಬುಟ್ಟಿಯ ಮುಂದೆ ನಿಂತವರು ದರ ಕೇಳುವುದನ್ನು ಬಿಟ್ಟು ಮಗಳ ಮುಖ ನೋಡುತ್ತಿದ್ದಾರೆ ಎಂದಷ್ಟೇ ಹೇಳಿ ಎದ್ದು ಹೋದರು. ಬೈದಿದ್ದರೆ ವಾಸಿಯಿತ್ತು.

ಇನ್ನು ಹೊಲಿಗೆ ಯಂತ್ರ. ಹೆಣ್ಣುಮಗಳಿಗೆ ಯಾವ ಕಷ್ಟ ಬಂದರೂ ನಮ್ಮ ಸಂಘಗಳಿಗೆ ಮೊದಲು ನೆನಪಾಗುವುದು ಅದೇ. ಹಾಗೆ ಕೊಟ್ಟ ಒಂದು ಯಂತ್ರದ ಮೇಲೆ ಕುಚ್ಚಲಕ್ಕಿಯ ಚೀಲ ಕುಳಿತಿದ್ದನ್ನು ನಾನೇ ಕಂಡಿದ್ದೇನೆ. ಹೊಲಿಯುವುದು ಇಷ್ಟವೇ ಎಂದು ಅವಳನ್ನು ಕೇಳಿದ್ದೀರಾ? ಇಷ್ಟವೆಂದರೆ ಕೊಡಿ; ವೇದಿಕೆ, ಶಾಲು, ಫೋಟೊ ಬೇಡ.

ಅವಳಿಗೆ ಈಗ ಬೇಕಾಗಿರುವುದು ಕಾಗದಪತ್ರ. ಆಧಾರ್ ಇದೆಯೇ, ಬ್ಯಾಂಕ್ ಪುಸ್ತಕ ಅವಳ ಹೆಸರಿನಲ್ಲೇ ಇದೆಯೇ ನೋಡಿ. ಮುಂಗಡದ ಸಾಲ ತೋರಿಸಿ ದುಡಿಸಿಕೊಂಡಿದ್ದರೆ ಅದು 1976ರ ಕಾಯ್ದೆ ನಿಷೇಧಿಸಿದ ಜೀತ. ಅವಳನ್ನು ಬಿಡಿಸಿದಲ್ಲಿನ ಅಧಿಕಾರಿಗಳು ಬಿಡುಗಡೆ ಪ್ರಮಾಣಪತ್ರ ಕೊಟ್ಟಿದ್ದಾರೆಯೇ ವಿಚಾರಿಸಿ. ಪುನರ್ವಸತಿಯ ಹಣಕ್ಕೆ ಅದೇ ಆಧಾರ. ನಿಮ್ಮ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅವಳಿಗೆ ವಕೀಲರು ಉಚಿತ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಮಾನವ ಸಾಗಾಣಿಕೆಗೆ ಸಿಕ್ಕವರನ್ನು ಹೆಸರಿಸಿಯೇ ಈ ಹಕ್ಕು ಕೊಟ್ಟಿದೆ. ಕರೆದೊಯ್ದವನು ಪತ್ತೆಯಾಗದಿದ್ದರೂ ಪರಿಹಾರಕ್ಕೆ ಅಲ್ಲೇ ಅರ್ಜಿ ಹಾಕಬಹುದು.

ಇಷ್ಟಕ್ಕೆಲ್ಲ ಎಷ್ಟು ಸಲ ಬಸ್ ಹತ್ತಬೇಕು, ಎಷ್ಟು ದಿನದ ಕೂಲಿ ತಪ್ಪುತ್ತದೆ ಲೆಕ್ಕ ಹಾಕಿ. ಸಮಾರಂಭದ ಖರ್ಚನ್ನು ಅದಕ್ಕೆ ಎತ್ತಿಡಿ. ಮಂಡಳದ ಒಬ್ಬರು ಸರದಿಯಂತೆ ಜೊತೆಗೆ ಹೋಗಲಿ, ಅವಳು ಒಪ್ಪಿದವರು ಮಾತ್ರ. ದಾರಿಯಲ್ಲಿ ಅಲ್ಲಿ ಏನಾಯಿತೆಂದು ಕೇಳುವುದು ಬೇಡ; ಪೇಟೆಯಲ್ಲಿ ಬಂಗಡೆಗೆ ಎಷ್ಟಾಗಿದೆ ಎಂದು ಮಾತಾಡಿಕೊಂಡು ಹೋಗಲಿ.

ನಿಮ್ಮ ಪತ್ರದಲ್ಲಿದ್ದ ಊರು, ಕೇರಿಯ ಹೆಸರುಗಳನ್ನು ತೆಗೆದಿದ್ದೇವೆ. ಫೋಟೊವನ್ನು ಲಕೋಟೆಗೆ ಹಾಕಿ ಮರಳಿ ಕಳಿಸಿದ್ದೇವೆ. ಅದನ್ನು ಅವಳ ಕೈಗೇ ಕೊಡಿ.

— ಸಂಪಾದಕ