ಅಂಕ ಕಡಿಮೆ ಬಂದರೆ ಆಟ ಬಿಡಿಸಬೇಕಾ?

ಪ್ರಶ್ನೆ: ನಾನು ಬಿ.ಕಾಂ. ವಿದ್ಯಾರ್ಥಿ. ಸಂಜೆ ನಮ್ಮ ಕಾಲೊನಿಯ 20 ಮಕ್ಕಳಿಗೆ ಖೊಖೊ ಕಲಿಸುತ್ತೇನೆ. ಹೆಚ್ಚಿನವರ ಅಪ್ಪ-ಅಮ್ಮ ಗಾರೆ ಕೆಲಸಕ್ಕೆ ಹೋಗುತ್ತಾರೆ. ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂತೆಂದು ಏಳನೇ ಕ್ಲಾಸಿನ ಇಬ್ಬರನ್ನು ‘ಓದ್ಕೊಂಡು ಬನ್ನಿ, ಆಮೇಲೆ ಆಟ’ ಅಂತ ವಾಪಸ್ ಕಳಿಸಿದೆ. ಈಗ ಶಾಲೆಗೂ ಹೋಗುತ್ತಿಲ್ಲ. ನಾನು ಮಾಡಿದ್ದು ತಪ್ಪೇ?
— ಓದುಗ, ಮೈಸೂರು

ಉತ್ತರ: ತಪ್ಪೇ. ಬೇಜಾರು ಮಾಡಿಕೊಳ್ಳಬೇಡಿ, ಮೇಷ್ಟ್ರುಗಳೂ ಇದನ್ನೇ ಮಾಡುತ್ತಾರೆ. ಶಾಲೆಯಲ್ಲಿ ದಡ್ಡ ಅನ್ನಿಸಿಕೊಂಡ ಹುಡುಗನಿಗೆ ‘ಭೇಷ್’ ಅನ್ನುವ ಜಾಗ ನಿಮ್ಮ ಮೈದಾನ ಒಂದೇ ಇತ್ತು, ಅದನ್ನೂ ಕಿತ್ತುಕೊಂಡ ಮೇಲೆ ಅವನು ಯಾವ ಆಸೆಗೆ ಬ್ಯಾಗ್ ಹಾಕಿಕೊಂಡು ಹೊರಡಬೇಕು?

ಷರತ್ತು ಹಾಕಿ, ಆದರೆ ಅಂಕಕ್ಕಲ್ಲ, ಹಾಜರಿಗೆ. ಅಂಕ ಪೂರ್ತಿ ಅವನ ಕೈಯಲ್ಲಿಲ್ಲ. ಮನೆಯಲ್ಲಿ ಹೇಳಿಕೊಡುವವರಿಲ್ಲ, ಕೂತು ಓದೋಕೆ ಮೂಲೆಯಿಲ್ಲ, ತಂಗಿಯನ್ನು ಬೇರೆ ಎತ್ತಿಕೊಂಡಿರಬೇಕು. ಬೆಳಿಗ್ಗೆ ಶಾಲೆಗೆ ಹೋಗುವುದು ಮಾತ್ರ ಬಹುಪಾಲು ಅವನ ಕೈಯಲ್ಲಿದೆ. ಮುಂದೆ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂರಲು ಶೇ 75 ಹಾಜರಿ ಬೇಕು, ಆ ರೂಢಿ ಈಗಲೇ ಆಗಲಿ.

ಖೊಖೊದಲ್ಲಿ ಎಂಟು ಜನ ಸಾಲಾಗಿ ಕೂತಿರುತ್ತಾರೆ, ಒಬ್ಬರ ಮುಖ ಆ ಕಡೆ, ಪಕ್ಕದವರದು ಈ ಕಡೆ. ಬೆನ್ನಿಗೆ ಖೊ ಬೀಳುವ ತನಕ ಏಳುವ ಹಾಗಿಲ್ಲ, ಎದ್ದ ಮೇಲೆ ಹಿಡಿದ ದಿಕ್ಕು ಬಿಡುವ ಹಾಗಿಲ್ಲ. ಕ್ಲಾಸಿನಲ್ಲಿ ಐದು ನಿಮಿಷ ಕೂರದವನು ಅಲ್ಲಿ ಉಸಿರು ಬಿಗಿಹಿಡಿದು ಕೂತಿರುತ್ತಾನೆ, ನೀವೇ ನೋಡಿರುತ್ತೀರಿ ಅಲ್ವಾ? ಆದರೆ ಆಟ ಆಡಿದರೆ ಓದು ತಾನಾಗೇ ಬರುತ್ತೆ ಅನ್ನುವುದು ಸುಮ್ನೆ ಮಾತು. ಆಟ ಮುಗಿದ ಮೇಲೆ ಅಲ್ಲೇ ಯಾವುದಾದರೂ ಜಗಲಿಯಲ್ಲಿ ಅರ್ಧ ಗಂಟೆ ಹೋಂವರ್ಕ್‌ಗೆ ಕೂರಿಸಿ, ಒಂದು ಹಿಡಿ ಕಡಲೆಕಾಯಿ ಕೊಟ್ಟು. ಹಸಿದ ಹೊಟ್ಟೆಗೆ ಲೆಕ್ಕ ಹತ್ತಲ್ಲ. ಯಾರು ಎಷ್ಟು ಸೆಕೆಂಡ್ ಔಟಾಗದೆ ಉಳಿದರು ಅಂತ ಬರೆದಿಟ್ಟು ಸರಾಸರಿ ಅವರಿಂದಲೇ ತೆಗೆಸಿ.

ಇನ್ನೊಂದು ಮಾತು. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೊಖೊ ವಿಶ್ವಕಪ್ ಗೆದ್ದ ಮಹಿಳಾ ತಂಡದಲ್ಲಿ ನಿಮ್ಮದೇ ಜಿಲ್ಲೆಯ ಕುರುಬೂರಿನ ಚೈತ್ರಾ ಇದ್ದರು. ಆ ಕಥೆ ಮಕ್ಕಳಿಗೆ ಖಂಡಿತ ಹೇಳಿ. ಜೊತೆಗೇ ಇದನ್ನೂ ಹೇಳಿ: ಅವರೂ ಪುರುಷರ ತಂಡದ ಗೌತಮ್ ಅವರೂ ನಮ್ಮ ಸರ್ಕಾರ ಘೋಷಿಸಿದ 5 ಲಕ್ಷ ರೂಪಾಯಿಯನ್ನು ಬೇಡ ಅಂದರು, ಮಹಾರಾಷ್ಟ್ರ ತನ್ನ ಆಟಗಾರರಿಗೆ 2.25 ಕೋಟಿ ಮತ್ತು ನೌಕರಿ ಕೊಡುವಾಗ ಇದೇನು ಅಂತ. ವಿಶ್ವಕಪ್ ಗೆದ್ದವರ ಪಾಡೇ ಹೀಗಿರುವಾಗ ‘ಚೆನ್ನಾಗಿ ಆಡು, ಕೆಲಸ ಸಿಗುತ್ತೆ’ ಅಂತ ಮಾತು ಕೊಡಬೇಡಿ.

ಆ ಇಬ್ಬರ ಮನೆಗೆ ಇವತ್ತೇ ಹೋಗಿ. ಬುದ್ಧಿ ಹೇಳಬೇಡಿ, ‘ನಾನು ಕಳಿಸಿದ್ದು ತಪ್ಪಾಯ್ತು ಕಣ್ರೋ’ ಅನ್ನಿ. 6ರಿಂದ 14 ವರ್ಷದ ಮಕ್ಕಳನ್ನು ಶಾಲೆ ವರ್ಷದ ಮಧ್ಯದಲ್ಲೂ ಸೇರಿಸಿಕೊಳ್ಳಲೇಬೇಕು, 2009ರ ಶಿಕ್ಷಣ ಹಕ್ಕು ಕಾಯ್ದೆ ಹಾಗನ್ನುತ್ತದೆ, ಅದನ್ನು ಅವರ ಅಮ್ಮನಿಗೂ ತಿಳಿಸಿ. ಬೆಳಿಗ್ಗೆ ಶಾಲೆಯ ಗೇಟಿನ ತನಕ ನೀವೂ ಜೊತೆಗೆ ಹೋಗಿ. ಸಂಜೆ ಮೈದಾನದಲ್ಲಿ ಕಂಬ ನೆಡುವ ಕೆಲಸ ಅವರಿಬ್ಬರದೇ ಇರಲಿ.