ಸೋಲು ದೇವರ ಶಿಕ್ಷೆಯಲ್ಲ

ಪ್ರಶ್ನೆ: ನಾವು ಬೆಟಗೇರಿಯವರು, ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗೆ ಸೇರಿದವರು. ಹದಿನಾರು ವರ್ಷದ ಮಗಳು ಹಾಕಿ ಆಡುತ್ತಾಳೆ. ಅಭ್ಯಾಸ, ಪಂದ್ಯ ಹೆಚ್ಚಾಗಿ ಭಾನುವಾರ ಬೆಳಿಗ್ಗೆಯೇ ಇರುವುದರಿಂದ ಆಗಾಗ ಆರಾಧನೆ ತಪ್ಪುತ್ತದೆ. ‘ಇದೆಲ್ಲ ಲೋಕದ ಆಸೆ’ ಎಂದು ಸಭೆಯ ಹಿರಿಯರೊಬ್ಬರು ಮನೆಗೇ ಬಂದು ಹೇಳಿ ಹೋದರು. ಅದೇ ಸಭೆಯ ಹುಡುಗರು ಭಾನುವಾರ ಕ್ರಿಕೆಟ್ಟಿಗೆ ಹೋದರೆ ಯಾರೂ ಏನೂ ಅನ್ನುವುದಿಲ್ಲ. ನನ್ನ ಗಂಡ ಸ್ಕಾಟ್ಲೆಂಡಿನ ಓಟಗಾರ ಎರಿಕ್ ಲಿಡೆಲ್ ಕಥೆ ಹೇಳಿ, ‘ಭಾನುವಾರಕ್ಕಾಗಿ ಒಲಿಂಪಿಕ್ಸ್ ಓಟವನ್ನೇ ಬಿಟ್ಟವರಿದ್ದಾರೆ, ನಿನಗೆ ಜಿಲ್ಲಾ ಪಂದ್ಯ ಬಿಡಲಾಗದೇ?’ ಎನ್ನುತ್ತಾರೆ. ಸ್ಟಿಕ್ ಕಪಾಟಿನಲ್ಲಿಟ್ಟು ಬೀಗ ಹಾಕುತ್ತೇನೆ ಎಂದೂ ಹೆದರಿಸಿದ್ದಾರೆ. ಈಚೆಗೆ ತಂಡದ ಆಯ್ಕೆಯಲ್ಲಿ ಅವಳ ಹೆಸರು ಬರಲಿಲ್ಲ. ಅಂದು ರಾತ್ರಿ ಅತ್ತು, ‘ಅವ್ವಾ, ನಾ ಚರ್ಚಿಗೆ ಹೋಗಲಿಲ್ಲಂತ ದೇವ್ರು ಸಿಟ್ಟಾಗ್ಯಾನೇನು?’ ಅಂದಳು. ಮುಂದಿನ ಆಯ್ಕೆಯೂ ಭಾನುವಾರವೇ. ಕಳಿಸಲೋ ಬೇಡವೋ?

ಉತ್ತರ: ಕಳಿಸುವ ಮಾತು ಆಮೇಲೆ ಆಡೋಣ. ಮಗಳು ಅಂದು ರಾತ್ರಿ ಕೇಳಿದ ಪ್ರಶ್ನೆಗೆ ನೀವು ಏನು ಉತ್ತರ ಕೊಟ್ಟಿರೆಂದು ಬರೆದಿಲ್ಲ. ಸುಮ್ಮನಿದ್ದಿದ್ದರೆ, ಇವತ್ತೇ ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡು ಹೇಳಿ: ಇಲ್ಲ ಮಗಳೇ, ದೇವರು ನಿನ್ನ ಮೇಲೆ ಸಿಟ್ಟಾಗಿಲ್ಲ.

ಇದು ಬರೀ ಸಮಾಧಾನದ ಮಾತಲ್ಲ. ಹುಟ್ಟು ಕುರುಡನನ್ನು ತೋರಿಸಿ ‘ಇದು ಯಾರು ಮಾಡಿದ ಪಾಪ?’ ಎಂದು ಶಿಷ್ಯರು ಕೇಳಿದಾಗ, ಇವನೂ ಅಲ್ಲ, ಇವನ ತಂದೆತಾಯಿಯೂ ಅಲ್ಲ ಎಂದರು ಯೇಸು. ಸಿಲೋವದ ಗೋಪುರ ಬಿದ್ದು ಹದಿನೆಂಟು ಜನ ಸತ್ತಾಗಲೂ, ಅವರು ಮಿಕ್ಕವರಿಗಿಂತ ಹೆಚ್ಚು ಪಾಪಿಗಳಾಗಿರಲಿಲ್ಲ ಎಂದೇ ಹೇಳಿದರು. ಹಾಗಿರುವಾಗ ಒಂದು ಹಾಕಿ ತಂಡದ ಪಟ್ಟಿಯಲ್ಲಿ ಹೆಸರು ಬರಲಿಲ್ಲವೆಂಬುದನ್ನು ದೇವರ ಶಿಕ್ಷೆ ಎಂದು ಓದುವ ಹಕ್ಕು ನಮಗೆಲ್ಲಿದೆ? ಆಯ್ಕೆಗಾರರು ನೋಡುವುದು ಓಟ, ಚೆಂಡಿನ ಮೇಲಿನ ಹಿಡಿತ, ದಮ್ಮು, ಆ ಜಾಗಕ್ಕೆ ತಂಡಕ್ಕೆ ಆಗ ಯಾರು ಬೇಕು ಎಂಬುದನ್ನು. ಈ ಸಲ ಇನ್ನೊಬ್ಬಳು ಚೆನ್ನಾಗಿ ಆಡಿರಬಹುದು. ಅವಳೂ ಯಾರದೋ ಮಗಳು. ಪ್ರಾರ್ಥನೆ ಮಾಡಿಯೇ ಮೈದಾನಕ್ಕೆ ಇಳಿದಿರಬಹುದು. ಇದೇ ಕಾರಣಕ್ಕೆ, ನಾಳೆ ನಿಮ್ಮ ಮಗಳು ಆಯ್ಕೆಯಾದರೆ ‘ದೇವರೇ ಗೆಲ್ಲಿಸಿದ’ ಎಂದು ಸಭೆಯಲ್ಲಿ ಹೇಳಿಸಬೇಡಿ. ಕೃತಜ್ಞತೆ ಹೇಳಿ, ಸಾಕು. ಗೆಲುವು ಬಹುಮಾನ, ಸೋಲು ಶಿಕ್ಷೆ ಎಂದು ಒಮ್ಮೆ ಮನಸ್ಸಿಗೆ ಹೊಕ್ಕರೆ, ಆಟ ಬಿಟ್ಟ ಮೇಲೂ ಆ ಭಯ ಅವಳನ್ನು ಬಿಡುವುದಿಲ್ಲ. ಪರೀಕ್ಷೆ, ಮದುವೆ, ಕಾಯಿಲೆ, ಎಲ್ಲ ಕಡೆಗೂ ಹಿಂಬಾಲಿಸುತ್ತದೆ. ಭಾನುವಾರಕ್ಕಿಂತ ನನಗೆ ಹೆಚ್ಚು ಚಿಂತೆ ಹುಟ್ಟಿಸಿದ್ದು ಇದೇ.

ಇನ್ನು ಲಿಡೆಲ್. ನಿಮ್ಮ ಗಂಡ ಹೇಳುವುದು ನಿಜ. 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಓಟದ ಮೊದಲ ಸುತ್ತು ಭಾನುವಾರವಿತ್ತು, ಅವರು ಓಡಲಿಲ್ಲ. ತಿಂಗಳುಗಳ ಮೊದಲೇ ವೇಳಾಪಟ್ಟಿ ನೋಡಿ ನಿರ್ಧರಿಸಿದ್ದರು. ಬದಲಿಗೆ 400 ಮೀಟರ್‌ಗೆ ತಯಾರಾಗಿ, 47.6 ಸೆಕೆಂಡಿನಲ್ಲಿ ಓಡಿ ಚಿನ್ನ ಗೆದ್ದರು. ಮರುವರ್ಷ ಲಂಡನ್ ಮಿಶನ್ ಸೇವೆಗೆಂದು ಚೀನಾಕ್ಕೆ ಹೋದರು. (ನಮ್ಮ ಬಳ್ಳಾರಿ, ಬೆಂಗಳೂರಿನಲ್ಲಿ ಶಾಲೆ, ಸಭೆ ಕಟ್ಟಿದ್ದೂ ಅದೇ ಮಿಶನ್.)

ಭಾನುವಾರ ಶಾಲೆಗಳಲ್ಲಿ ಕಥೆ ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತದೆ. ಮುಂದಿನದನ್ನೂ ನಿಮ್ಮ ಗಂಡನಿಗೆ ಹೇಳಿ. ಯುದ್ಧಕಾಲದಲ್ಲಿ, 1943ರಲ್ಲಿ, ಜಪಾನಿ ಸೇನೆ ಲಿಡೆಲ್ ಅವರನ್ನು ಚೀನಾದ ವೇಯ್‌ಶಿಯೆನ್ ಬಂಧನ ಶಿಬಿರದಲ್ಲಿಟ್ಟಿತು. ಅಪ್ಪ ಅಮ್ಮನಿಂದ ದೂರವಾದ ಮಕ್ಕಳೂ ಅಲ್ಲಿ ಬಹಳ ಮಂದಿಯಿದ್ದರು. ಅವರಿಗೆ ಪಾಠ ಹೇಳುವುದು, ಆಟ ಆಡಿಸುವುದು ಲಿಡೆಲ್ ಕೆಲಸವಾಯಿತು. ಭಾನುವಾರದ ಆಟಕ್ಕೆ ಮಾತ್ರ ಅವರು ಮೊದಮೊದಲು ನಿಲ್ಲುತ್ತಿರಲಿಲ್ಲ. ಒಂದು ಭಾನುವಾರ ಹುಡುಗ ಹುಡುಗಿಯರು ತಾವೇ ಸೇರಿ ಹಾಕಿ ಆಡಿದರು, ನಿಮ್ಮ ಮಗಳ ಆಟವೇ. ರೆಫರಿ ಇಲ್ಲದೆ ಅದು ಜಗಳವಾಗಿ ಮುಗಿಯಿತು. ಮುಂದಿನ ಭಾನುವಾರ ಲಿಡೆಲ್ ತಾವೇ ಮೈದಾನಕ್ಕಿಳಿದು ರೆಫರಿಯಾದರು. ತಮ್ಮ ಚಿನ್ನಕ್ಕಾಗಿ ಮುರಿಯದ ನಿಯಮವನ್ನು ಬೇರೆಯವರ ಮಕ್ಕಳಿಗಾಗಿ ಸಡಿಲಿಸಿದರು. 1945ರ ಫೆಬ್ರವರಿಯಲ್ಲಿ ಅದೇ ಶಿಬಿರದಲ್ಲಿ ಮೆದುಳಿನ ಗಡ್ಡೆಯಿಂದ ತೀರಿಕೊಂಡಾಗ ಅವರಿಗೆ 43 ವರ್ಷ.

ಪ್ಯಾರಿಸ್ಸಿನಲ್ಲಿ ‘ಓಡುವುದಿಲ್ಲ’ ಎಂದು ಲಿಡೆಲ್ ಕೈಯಲ್ಲಿ ಯಾರೂ ಹೇಳಿಸಲಿಲ್ಲ; ಅವರ ಬೂಟನ್ನು ಯಾರೂ ಬೀಗ ಹಾಕಿ ಇಟ್ಟಿರಲಿಲ್ಲ. ಆ ತ್ಯಾಗಕ್ಕೆ ಬೆಲೆ ಬಂದದ್ದು ಅದು ಅವರದೇ ಮನಸ್ಸಾಕ್ಷಿಯ ಮಾತಾಗಿದ್ದರಿಂದ. ಅಪ್ಪ ಕಿತ್ತುಕೊಂಡ ಸ್ಟಿಕ್ಕನ್ನು ಮಗಳು ಮಾಡಿದ ತ್ಯಾಗ ಎನ್ನಲಾಗದು. ಒಬ್ಬನು ಒಂದು ದಿನವನ್ನು ಮತ್ತೊಂದಕ್ಕಿಂತ ವಿಶೇಷವೆಂದು ಎಣಿಸುತ್ತಾನೆ, ಇನ್ನೊಬ್ಬನು ಎಲ್ಲ ದಿನಗಳನ್ನೂ ಸಮವೆನ್ನುತ್ತಾನೆ. ಪ್ರತಿಯೊಬ್ಬನೂ ತನ್ನ ಮನಸ್ಸಿನಲ್ಲಿ ನಿಶ್ಚಯಿಸಿಕೊಳ್ಳಲಿ ಎಂಬ ಅರ್ಥದ ಮಾತನ್ನು ಅಪೊಸ್ತಲ ಪೌಲನು ರೋಮಾಪುರದವರಿಗೆ ಬರೆದ ಪತ್ರದ 14ನೇ ಅಧ್ಯಾಯದಲ್ಲಿ ಓದಿ. ಗಂಡ ಹೆಂಡತಿ ಒಟ್ಟಿಗೆ ಕೂತು ಓದಿ. ಭಾನುವಾರದ ಆಟದ ಬಗ್ಗೆ ವಿಶ್ವಾಸಿಗಳು ಜಗಳವಾಡಿದ್ದು ಇವತ್ತು ನಿನ್ನೆಯಲ್ಲ. ಆರಾಧನೆ ಮುಗಿಸಿದವರು ಆಡಬಹುದು ಎಂದು ಇಂಗ್ಲೆಂಡಿನ ದೊರೆ ಒಂದನೇ ಜೇಮ್ಸ್ 1618ರಲ್ಲಿ ಘೋಷಣೆ ಹೊರಡಿಸಿದರೆ, ಕಟ್ಟುನಿಟ್ಟಿನ ಪ್ರೊಟೆಸ್ಟೆಂಟರಾದ ಪ್ಯೂರಿಟನ್ನರ ಕೈಯಲ್ಲಿದ್ದ ಪಾರ್ಲಿಮೆಂಟು 1643ರಲ್ಲಿ ಅದನ್ನು ಬಹಿರಂಗವಾಗಿ ಸುಡಿಸಿತು.

ಆಟವೇ ಲೋಕದ ಆಸೆ ಎಂಬ ಮಾತನ್ನಂತೂ ನಾನು ಒಪ್ಪುವುದಿಲ್ಲ. ದೇವರು ತನ್ನ ಜನರನ್ನು ಯೆರೂಸಲೇಮಿಗೆ ಮರಳಿ ತರುವ ದಿನವನ್ನು ಪ್ರವಾದಿ ಜೆಕರ್ಯ ಬಣ್ಣಿಸುವಾಗ, ಊರಿನ ಬೀದಿಗಳ ತುಂಬ ಆಡುವ ಹುಡುಗರೂ ಹುಡುಗಿಯರೂ ಇರುತ್ತಾರೆ. ಹುಡುಗಿಯರೂ ಎಂಬುದನ್ನು ಆ ಹಿರಿಯರಿಗೆ ತೋರಿಸಿ. ಪೌಲ ಒಂದೂವರೆ ವರ್ಷ ನೆಲೆಸಿದ್ದ ಗ್ರೀಸಿನ ಕೊರಿಂಥದ ಹತ್ತಿರವೇ ಇಸ್ತ್‌ಮಿಯ ಕ್ರೀಡಾಕೂಟ ನಡೆಯುತ್ತಿತ್ತು. ಆ ಊರಿನವರಿಗೆ ಬರೆಯುವಾಗ ಓಟಗಾರರ ಶಿಸ್ತನ್ನೇ ವಿಶ್ವಾಸಿಗೆ ಮಾದರಿಯಾಗಿ ಇಟ್ಟ. ಬಾಸ್ಕೆಟ್‌ಬಾಲ್ ಹುಟ್ಟಿದ್ದೇ 1891ರಲ್ಲಿ, ಅಮೆರಿಕದ ಸ್ಪ್ರಿಂಗ್‌ಫೀಲ್ಡಿನ ವೈ.ಎಂ.ಸಿ.ಎ. (ಕ್ರೈಸ್ತ ಯುವಕರ ಸಂಘ) ತರಬೇತಿ ಶಾಲೆಯಲ್ಲಿ, ಅದನ್ನು ರೂಪಿಸಿದ ಜೇಮ್ಸ್ ನೇಸ್ಮಿತ್ ದೇವಶಾಸ್ತ್ರ ಓದಿದವರು.

ಆದರೆ ಅದೇ ಪೌಲ, ಆ ಓಟಗಾರರು ಓಡುವುದು ಬಾಡಿಹೋಗುವ ಕಿರೀಟಕ್ಕಾಗಿ ಎಂದೂ ಬರೆದ. ನಿಮ್ಮ ಗಂಡನ ಆತಂಕದಲ್ಲಿ ತಿರುಳಿರುವುದು ಇಲ್ಲಿ. ಆಟ ಯಾವಾಗ ಯಜಮಾನನಾಗುತ್ತದೆ ಎಂಬುದರ ಮೇಲೆ ಕಣ್ಣಿಡಿ. ಆಯ್ಕೆಯಾದ ಗೆಳತಿಯ ಜೊತೆ ಅವಳು ಮಾತು ಬಿಟ್ಟಿದ್ದಾಳೆಯೇ? ನೋವನ್ನು ಮುಚ್ಚಿಟ್ಟು ಆಡುತ್ತಾಳೆಯೇ? ಸೋತ ದಿನ ಊಟ ಬಿಡುತ್ತಾಳೆಯೇ? ವಾರದ ಏಳು ದಿನವೂ ಅಭ್ಯಾಸವಿದ್ದರೆ ಅದು ಅವಳ ಮೈಗೂ ಒಳ್ಳೆಯದಲ್ಲ. ಸಬ್ಬತ್ತು, ಅಂದರೆ ವಾರದ ವಿಶ್ರಾಂತಿಯ ದಿನ, ಇರುವುದು ಮನುಷ್ಯನಿಗಾಗಿ ಎಂದವರು ಯೇಸುವೇ. ವಾರಕ್ಕೊಂದು ಪೂರ್ತಿ ವಿಶ್ರಾಂತಿಯ ದಿನ ಅವಳಿಗೆ ಸಿಗಲೇಬೇಕು. ಆ ಬೇಡಿಕೆಯನ್ನು ಕೋಚ್ ಮುಂದೆ ನೀವೇ ಇಡಿ, ಮಗಳ ತಲೆಗೆ ಹೊರಿಸಬೇಡಿ. ಅಭ್ಯಾಸವನ್ನು ಆರಾಧನೆಯ ನಂತರಕ್ಕೆ ಸರಿಸಲಾಗುತ್ತದೆಯೇ ಎಂದೂ ಕೇಳಿ. ಎಷ್ಟೋ ಸಲ ಯಾರೂ ಕೇಳದೆ ಇರುವುದರಿಂದಲೇ ಸಮಯ ಬದಲಾಗುವುದಿಲ್ಲ. ಸಂಜೆಯ ಆರಾಧನೆ ಇದ್ದರೆ ಪಂದ್ಯದ ದಿನ ಅದಕ್ಕೆ ಇಡೀ ಮನೆ ಒಟ್ಟಿಗೆ ಹೋಗಿ. ಇಲ್ಲದಿದ್ದರೆ ಸಭಾಪಾಲಕರನ್ನು ಕಂಡು, ಪಂದ್ಯಕ್ಕೆ ಮೊದಲು ಅವಳೊಂದಿಗೆ ಪ್ರಾರ್ಥಿಸಲು ಕೇಳಿಕೊಳ್ಳಿ. ಸಭೆ ತನ್ನ ಬೆನ್ನಿಗಿದೆ ಎನಿಸಿದ ಹುಡುಗಿ ಸಭೆ ಬಿಟ್ಟು ಹೋಗುವುದಿಲ್ಲ.

ಈಗ ಕಳಿಸುವ ಮಾತು. ನನ್ನ ಅಭಿಪ್ರಾಯ ಕೇಳಿದರೆ, ಕಳಿಸಿ. ಆದರೆ ಮೊದಲು ಅವಳನ್ನೇ ಕೇಳಿ, ಯೋಚಿಸಲು ಒಂದೆರಡು ದಿನ ಬಿಡಿ. ಹೋಗುತ್ತೇನೆ ಎಂದರೆ ಪ್ರಾರ್ಥಿಸಿ ಕಳಿಸಿ, ಸಾಧ್ಯವಾದರೆ ಅಪ್ಪನೇ ಜೊತೆಗೆ ಹೋಗಲಿ. ಅವಳು ಆಡುವುದನ್ನು ಅವರು ಒಮ್ಮೆಯಾದರೂ ನೋಡಲಿ. ಹೋಗುವುದಿಲ್ಲ ಎಂದರೆ ಭಯದಿಂದ ಹೇಳುತ್ತಿದ್ದಾಳೋ ನಿಶ್ಚಯದಿಂದಲೋ ಎಂದು ಮೆಲ್ಲನೆ ವಿಚಾರಿಸಿ. ನಿಶ್ಚಯವೇ ಆದರೆ ಒಪ್ಪಿಕೊಳ್ಳಿ, ಮುಂದಿನ ಅವಕಾಶಕ್ಕೆ ಕಾಯಿರಿ. ಹಿರಿಯರು ಮತ್ತೆ ಮನೆಗೆ ಬಂದರೆ ಕಾಫಿ ಕೊಟ್ಟು ಕೂರಿಸಿ, ಹುಡುಗರ ಕ್ರಿಕೆಟ್ ಬಗ್ಗೆ ನೇರವಾಗಿಯೇ ಕೇಳಿ. ಆ ಹೊತ್ತಿಗೆ ನಿಮ್ಮ ಗಂಡನೂ ಮನೆಯಲ್ಲಿರಲಿ.