ಅಜ್ಜಿ ಫೋನ್ ಮಾಡಿದರೆ ಓಡಿಹೋಗುತ್ತಾಳೆ

ಪ್ರಶ್ನೆ: ನಮ್ಮೂರು ತೀರ್ಥಹಳ್ಳಿ. ಈಗ ಟೊರೊಂಟೊದಲ್ಲಿದ್ದೇವೆ. ಐದು ವರ್ಷದ ಮಗಳು ಸ್ಕೂಲಿಗೆ ಸೇರಿದ ಮೇಲೆ ಎಲ್ಲದಕ್ಕೂ ಇಂಗ್ಲಿಷಲ್ಲೇ ಉತ್ತರ ಕೊಡುತ್ತಾಳೆ. ಅಜ್ಜಿ ಫೋನ್ ಮಾಡಿದರೆ ಓಡಿಹೋಗುತ್ತಾಳೆ. ಮನೆಯಲ್ಲೂ ಇಂಗ್ಲಿಷೇ ಮಾತಾಡಿ ಅಂತಾರೆ ಟೀಚರ್. ಏನು ಮಾಡಲಿ ಅಕ್ಕಾ?

ಉತ್ತರ: ಟೀಚರ್ ಮಾತು ಬಿಡಿ ತಂಗೀ. ಮನೆಯಲ್ಲಿ ಕೊಂಕಣಿ, ಅಂಗಳದಲ್ಲಿ ಕನ್ನಡ ಅಂತ ಬೆಳೆದವರು ನಮ್ಮ ಮಲೆನಾಡಲ್ಲೇ ಎಷ್ಟು ಜನ ಇಲ್ಲ? ಅವಳು ಇಂಗ್ಲಿಷಲ್ಲಿ ಉತ್ತರ ಕೊಟ್ಟರೂ ನೀವು ಕನ್ನಡದಲ್ಲೇ ಮಾತಾಡಿ. ಅವಳಿಗೆ ಅರ್ಥ ಆಗ್ತಿದೆ ಅಲ್ವಾ, ಸದ್ಯಕ್ಕೆ ಅದು ಸಾಕು.

ನಾನೂ ಮಗನನ್ನು ಆರು ವರ್ಷ ಲಂಡನ್‌ನಲ್ಲಿ ಬೆಳೆಸಿದವಳು. 'ಕನ್ನಡದಲ್ಲಿ ಹೇಳು' ಅಂತ ಗದರಿದಷ್ಟೂ ಅವನು ಬಾಯಿ ಮುಚ್ಚಿಕೊಂಡ. (ನನ್ನ ಸಿಟ್ಟೂ ಜಾಸ್ತಿಯೇ ಇತ್ತು ಬಿಡಿ.) ಒಂದು ದಿನ ಸಾಗರದಿಂದ ಅಮ್ಮ ವಿಡಿಯೋದಲ್ಲಿ ಬಂದರು. ಮಾತಿಲ್ಲ, ಸುಮ್ನೆ ಕೆಸುವಿನ ಎಲೆಗೆ ಹಿಟ್ಟು ಹಚ್ಚಿ ಹಚ್ಚಿ ಸುತ್ತುತ್ತಿದ್ದರು. ಇವನು ಹತ್ತಿರ ಬಂದು, 'ಅದೇನಜ್ಜಿ?' ಅಂದ. ಪತ್ರೊಡೆ ಅನ್ನಲು ಬಾರದೆ 'ಪತೊಡ್ಡೆ' ಅಂದ. ನಾವ್ಯಾರೂ ತಿದ್ದಲಿಲ್ಲ.

ಬೇಸಿಗೆಯಲ್ಲಿ ನಿಮಗೆ ಬೆಳಿಗ್ಗೆ 8.30 ಆದಾಗ ತೀರ್ಥಹಳ್ಳಿಯಲ್ಲಿ ಸಂಜೆ 6, ಚಳಿಗಾಲದಲ್ಲಿ 7. ಶನಿವಾರ ಆ ಹೊತ್ತಿಗೆ ಫೋನ್ ಹಚ್ಚಿ. ಅಜ್ಜಿ ಪ್ರಶ್ನೆ ಕೇಳುವುದು ಬೇಡ, ಅಡಿಕೆ ಸುಲಿಯುತ್ತಾ ಕೂತಿರಲಿ.